ಹಲ್ಲಿಗೆ ಬರವಿಲ್ಲದ ಮನೆ

ನಮ್ಮ ಮನೆಯಲ್ಲಿ ಹಲ್ಲು ಉದುರಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಹಲ್ಲಿನ ಸೆಟ್ ಮಾಡುವವರು. ಹಲ್ಲಿನ ಡಾಕ್ಟರುಗಳು ಜನರ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಕುದಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವುದು ನಮ್ಮ ಕಸುಬು. ಅಮ್ಮನಿಗೆ ನಲವತ್ತಕ್ಕೇ ಮೇಲಿನ ಸಾಲು ಪೂರ್ತಿ ಹೋಯಿತು. ಒಂದೇ ವಾರದಲ್ಲಿ ಅಪ್ಪ ಹೊಸ ಸಾಲು ಮಾಡಿ ಕೂರಿಸಿದರು. "ಹಳೇದಕ್ಕಿಂತ ಇದೇ ಲಕ್ಷಣವಾಗಿದೆ" ಎಂದು ಅಮ್ಮ ಕನ್ನಡಿಯ ಮುಂದೆ ನಿಂತು ನಕ್ಕಿದ್ದಳು. ಬೆಳಿಗ್ಗೆ ಹಲ್ಲುಜ್ಜುವಾಗ ರಕ್ತ ಬಂದರೆ ಬಾಯಿ ಮುಕ್ಕಳಿಸಿ ಉಗಿದು ಕೆಲಸಕ್ಕೆ ಹೋಗುವುದು ನಮ್ಮೆಲ್ಲರ ರೂಢಿ. ಕೆಲವರ ಮನೆಯಲ್ಲಿ ಎಲ್ಲರಿಗೂ ಮೂಗು ಉದ್ದ, ಕೆಲವರ ಮನೆಯಲ್ಲಿ ಎಲ್ಲರಿಗೂ ಬೋಳುತಲೆ, ನಮ್ಮ ಮನೆಯಲ್ಲಿ ಒಸಡು ಸಡಿಲ, ಅಷ್ಟೇ ಎಂದುಕೊಂಡಿದ್ದೆವು.

"ನಮ್ಮನೇಲಿ ಏನಕ್ಕೆ ಬರ ಬಂದ್ರೂ ಹಲ್ಲಿಗೆ ಮಾತ್ರ ಬರಲ್ಲ" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿ ತಾವೇ ಮೊದಲು ನಗುತ್ತಿದ್ದರು. ಅಮ್ಮ ಐವತ್ತೆಂಟಕ್ಕೆ ಕಾಲು ಮುಖ ಊದಿಕೊಂಡು, ಮೂತ್ರ ಕಟ್ಟಿ ಸತ್ತಳು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ. ಬಾಯಿ ಎಲ್ಲಿ, ಕಿಡ್ನಿ ಎಲ್ಲಿ!

ಅಪ್ಪನ ನಂತರ ಅಂಗಡಿ ನನ್ನ ಕೈಗೆ ಬಂತು. ಮದುವೆ ಗಿದುವೆ ಎಂದು ನಾನು ತಲೆ ಹಾಕಲಿಲ್ಲ. ನನ್ನ ಬಾಯಿಗೆ ಹೆದರಿ ಯಾರೂ ಹತ್ತಿರ ಸುಳಿಯಲೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯ ಪಕ್ಕ, ಅದೇ ಸ್ಟೂಲಿನ ಮೇಲೆ ಕೂತು ಎಷ್ಟು ಸಾವಿರ ಜನರ ನಗು ಮಾಡಿಕೊಟ್ಟಿದ್ದೇನೋ. ತಮ್ಮನಿಗೆ ಈ ಕೂತು ಮಾಡುವ ಕೆಲಸ ಒಗ್ಗಲಿಲ್ಲ. ದೇವರು ಅವನಿಗೆ ಗಂಟಲು ಕೊಟ್ಟಿದ್ದ. ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸಕ್ಕೆ ಸೇರಿದ. ಮೂಟೆಗಳ ರಾಶಿಯ ಮೇಲೆ ನಿಂತು ಅವನು ಕೂಗಿದರೆ ಮೂರನೇ ಗೇಟಿನ ಲಾರಿ ಡ್ರೈವರಿಗೂ ಕೇಳಿಸಬೇಕು. ಅಲ್ಲಿ ಅವನಿಗೆ ಮೈಕು ಎಂದೇ ಹೆಸರು. ಅವನ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿ, ನನ್ನ ಎದುರು ಬಾಯಿ ಕಳೆದು ಕೂತ. ಮೇಲಿನ ಮುಂದಿನ ಹಲ್ಲುಗಳು ಬೆರಳು ತಾಗಿಸಿದರೆ ಅಲ್ಲಾಡುತ್ತಿದ್ದವು.

"ಅಕ್ಕ, ಸಾವಿರ ಅಂತ ಕೂಗಿದ್ರೆ ಗಾಳಿ ಮುಂಚೆ ಹೋಗತ್ತೆ, ಸಾವಿರ ಆಮೇಲೆ ಬರತ್ತೆ. ಜನ ಮುಸಿಮುಸಿ ನಗ್ತಾರೆ ಕಣೇ. ಏನಾದ್ರೂ ಮಾಡು."

"ಡಾಕ್ಟರ ಹತ್ರ ಹೋಗೋ. ಬಾಯೊಳಗೆ ಕೈ ಹಾಕೋದು ನನ್ನ ಕೆಲಸ ಅಲ್ಲ."

"ಅವರು ಕೀಳ್ತೀನಿ ಅಂತಾರೆ. ಕಿತ್ತು, ಗಾಯ ಮಾಗಿ, ಹೊಸ ಹಲ್ಲು ಬರೋಷ್ಟರಲ್ಲಿ ಇನ್ನೊಬ್ಬ ಬಂದು ನನ್ನ ಮೂಟೆ ಮೇಲೆ ನಿಂತಿರ್ತಾನೆ. ನಿನ್ನ ಕೈಯಲ್ಲಿ ಆಗದೇ ಇರೋದು ಏನಿದೆ?"

ಹೊಗಳಿಕೆಗೆ ಉಬ್ಬುವವಳು ನಾನು. ಅದು ನನ್ನ ದೊಡ್ಡ ರೋಗ. ಸಣ್ಣ ಉಕ್ಕಿನ ತಂತಿಯನ್ನು ಹೆಣೆದು, ಆರು ಹಲ್ಲುಗಳ ಹಿಂದೆ ಒಂದಕ್ಕೊಂದು ಸೇರಿಸಿ ಕಟ್ಟಿದೆ. ಅದರ ಮೇಲೆ ಹಲ್ಲಿನದೇ ಬಣ್ಣದ ಲೇಪ ಕೊಟ್ಟೆ. ಒಸಡು ಮೇಲಕ್ಕೆ ಸರಿದು ಹಲ್ಲಿನ ಬೇರು ಕಾಣುತ್ತಿದ್ದ ಕಡೆ ಗುಲಾಬಿ ಬಣ್ಣದ ತೆಳು ಪಟ್ಟಿ ಮಾಡಿ ಮುಚ್ಚಿದೆ. ನಿಜವಾದ ಒಸಡಿನ ಮೇಲೆ ಇರುವ ಸಣ್ಣ ಸಣ್ಣ ಚುಕ್ಕೆಗಳನ್ನೂ ಸೂಜಿಯಲ್ಲಿ ಮೂಡಿಸಿದೆ. ನೋಡಿದವರು ಇಪ್ಪತ್ತರ ಹುಡುಗನ ಬಾಯಿ ಎನ್ನಬೇಕು, ಹಾಗಿತ್ತು. ಆ ಪಟ್ಟಿಯ ಕೆಳಗೆ ಬ್ರಷ್ಷು ಹೋಗುವುದಿಲ್ಲ, ಒಳಗೆ ಕೊಳೆ ಕೂರುತ್ತದೆ, ಕೀವು ಕಟ್ಟುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ.

ಆಮೇಲೆ ವರ್ಷಕ್ಕೊಮ್ಮೆ ಬಂದು ಬಿಗಿ ಮಾಡಿಸಿಕೊಂಡು ಹೋಗುತ್ತಿದ್ದ. ನೋಯುತ್ತದೆ ಎನ್ನುತ್ತಿದ್ದ. ನೋವಿನ ಮಾತ್ರೆ ನುಂಗು ಎಂದೆ. ಹರಾಜಿಗೆ ಹೋಗುವ ಮುಂಚೆ ಎರಡು, ಬಂದಮೇಲೆ ಒಂದು. ನನ್ನ ಮೇಣದ ಡ್ರಾಯರಿನಲ್ಲೂ ಅವನಿಗೆಂದೇ ಒಂದು ಪಟ್ಟಿ ಮಾತ್ರೆ ಇರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅವನ ಕಾಲು ಊದಿತು. ಕಿಡ್ನಿ ಎರಡೂ ಮುಕ್ಕಾಲುಪಾಲು ಹೋಗಿವೆ ಎಂದರು. ಮುಕ್ಕಾಲು ಪೂರ್ತಿಯಾಗಲು ಬಹಳ ದಿನ ಬೇಕಾಗಲಿಲ್ಲ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ರಕ್ತ ತೊಳೆಯುವ ಮೆಷಿನ್ನಿನ ಪಕ್ಕ ಕೂರುವುದೇ ಅವನ ನೌಕರಿಯಾಯಿತು. ಮೆಷಿನ್ನಿಗೆ ರಕ್ತ ಹೋಗಿಬರಲೆಂದು ಎಡಗೈಯಲ್ಲಿ ನರ ಜೋಡಿಸಿ ಮಾಡಿದ ದಾರಿ ಕಟ್ಟಿಕೊಂಡಿತು. ಬಲಗೈಯಲ್ಲಿ ಮಾಡಿದ್ದೂ ಕಟ್ಟಿಕೊಂಡಿತು. ಕೊನೆಗೆ ಕುತ್ತಿಗೆಗೆ ನಳಿಗೆ ಹಾಕಿದರು. ಕಿಡ್ನಿ ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಅಳತೆ ಮಾಡಿ ಮಾತಾಡುವವರು. "ಈ ಜಾಗ ಕೆಟ್ರೆ ಆಮೇಲೆ ನಮ್ಮ ಹತ್ರ ಜಾಗಗಳು ಜಾಸ್ತಿ ಇಲ್ಲ. ಬೇರೆ ಕಿಡ್ನಿ ಹಾಕಿಸೋದನ್ನ ತಡ ಮಾಡಬೇಡಿ" ಎಂದರು.

ತಮ್ಮನ ಹೆಂಡತಿಗೆ ಸಕ್ಕರೆ ಕಾಯಿಲೆ, ಅವಳದ್ದು ಆಗುವುದಿಲ್ಲ. ಮಗಳು ಇನ್ನೂ ಹನ್ನೆರಡರ ಹುಡುಗಿ. ಉಳಿದವಳು ನಾನು. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ತಾರೀಕು ಗೊತ್ತಾಯಿತು. ಒಳಗೊಳಗೇ ನನಗೆ ಎಷ್ಟು ಹೆಮ್ಮೆ! ಆವರೆಗೆ ಅವನಿಗೆ ಹಲ್ಲು ಕೊಟ್ಟವಳು, ಇನ್ನು ಪ್ರಾಣ ಕೊಡುವವಳು ಎಂದು ಬೀಗುತ್ತಿದ್ದೆ.

ಹನ್ನೆರಡು ದಿನ ಬಾಕಿ ಇದ್ದಾಗ ಕೊನೆಯ ಒಂದು ಸಹಿಗೆ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಕಳಿಸಿದರು. ತಮ್ಮ, ಅವನ ಹೆಂಡತಿ, ನಾನು ಮೂವರೂ ಹೋದೆವು. ಹಲ್ಲಿನ ಡಾಕ್ಟರು ಇನ್ನೂ ಮೂವತ್ತು ದಾಟದ ಹುಡುಗ. ಕುರ್ಚಿ ಹಿಂದಕ್ಕೆ ಬಾಗಿಸಿ, ದೀಪ ಎಳೆದು ನೋಡಿ, "ಒಳ್ಳೇ ಹಲ್ಲು" ಎಂದ. ನಾನು ಉಸಿರು ಬಿಟ್ಟೆ. ಆಮೇಲೆ ಅವನು ಕೊಕ್ಕೆಯಂಥ ಸಣ್ಣ ಸಲಾಕೆಯನ್ನು ಗುಲಾಬಿ ಪಟ್ಟಿಯ ಅಂಚಿಗೆ ತಾಗಿಸಿ ಸ್ವಲ್ಪ ಎತ್ತಿದ. ಎತ್ತಿದ ಕಡೆಯಿಂದ ಹಳದಿ ಕೀವು ಇಳಿಯಿತು. ವಾಸನೆ ನನ್ನ ಮೂಗಿಗೂ ಬಡಿಯಿತು. ಮಾಸ್ಕಿನೊಳಗೆ ಆ ಹುಡುಗನ ಮುಖ ಏನಾಯಿತೋ, ಕಣ್ಣು ಮಾತ್ರ ಸಣ್ಣಗಾಯಿತು.

"ಯಾರು ಮಾಡಿದ್ದು ಇದನ್ನ?"

ತಂತಿ ಹೆಣೆದ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ತಮ್ಮ ಬಾಯಿ ಒರೆಸಿಕೊಂಡು, ಹರಾಜಿನ ಗತ್ತಿನಲ್ಲೇ, "ಬೇರೆ ಊರಲ್ಲಿ ಒಬ್ರು ವಯಸ್ಸಾದ ಡಾಕ್ಟರು ಇದ್ರು ಸಾರ್. ತೀರಿಕೊಂಡ್ರು" ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಬದುಕಿದ್ದಿದ್ರೆ ನಾನೇ ಕಂಪ್ಲೇಂಟ್ ಕೊಡ್ತಿದ್ದೆ" ಎಂದ ಹುಡುಗ. ಎಕ್ಸ್‌ರೇ ತೆಗೆಸಿದ. ಆರು ಹಲ್ಲಿನ ಬುಡದಲ್ಲೂ ಮೂಳೆ ಕರಗಿಹೋಗಿತ್ತು. ಹಲ್ಲುಗಳನ್ನು ಅಲ್ಲಿ ಹಿಡಿದಿದ್ದು ನನ್ನ ತಂತಿ ಮಾತ್ರ. ಆರನ್ನೂ ಕೀಳಬೇಕು, ಉಳಿದ ಒಸಡನ್ನೆಲ್ಲ ಬಿಡಿಸಿ ಶುದ್ಧ ಮಾಡಬೇಕು, ಮಾಗುವ ತನಕ ಕಾಯಬೇಕು. ಆರು ವಾರ, ಎಂಟು ವಾರವೂ ಆಗಬಹುದು. ಅಲ್ಲಿಯ ತನಕ ಸಹಿ ಇಲ್ಲ.

ಅವರಿಬ್ಬರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನು ಒಬ್ಬಳೇ ಒಳಗೆ ವಾಪಸು ಹೋದೆ. "ಸಹಿ ಹಾಕಿಬಿಡಿ ಸಾರ್. ಆಪರೇಷನ್ ಆದಮೇಲೆ ಹಲ್ಲು ಕೀಳೋಣ. ಅವನ ಕುತ್ತಿಗೇಲಿರೋದು ಕೊನೇ ನಳಿಗೆ" ಎಂದೆ.

"ಆಪರೇಷನ್ ಆದಮೇಲೆ ಹೊಸ ಕಿಡ್ನಿನ ದೇಹ ತಳ್ಳಬಾರದು ಅಂತ ಮೈಯ ಕಾವಲನ್ನೇ ಮಲಗಿಸೋ ಔಷಧಿ ಕೊಡ್ತಾರೆ ಮೇಡಂ. ಆಗ ಈ ಕೀವು ರಕ್ತಕ್ಕೆ ಇಳಿದ್ರೆ ತಡೆಯೋರು ಯಾರೂ ಇರಲ್ಲ. ಹೊಸ ಕಿಡ್ನಿ ಇಟ್ಕೊಂಡೇ ಸಾಯ್ತಾರೆ."

ಅವನ ಕಾಲು ಹಿಡಿದೆ. ನನಗೆ ಮಗನಿದ್ದಿದ್ದರೆ ಇವನ ವಯಸ್ಸಾಗಿರುತ್ತಿತ್ತು. ಅವನು ಗಾಬರಿಯಾಗಿ ಹಿಂದೆ ಸರಿದು, ಕುರ್ಚಿಗೆ ಎಡವಿ, "ಏಳಿ ಏಳಿ, ದಯವಿಟ್ಟು ಏಳಿ" ಎಂದ. ಸಹಿ ಮಾತ್ರ ಹಾಕಲಿಲ್ಲ. ಹಾಕದೇ ಇದ್ದದ್ದಕ್ಕೆ ಅವನನ್ನು ಆ ದಿನ ಮನಸಾರೆ ಬೈದುಕೊಂಡೆ. ಈಗ ಬೈಯಲಾರೆ.

ಮಾರನೆಯ ವಾರ ಹಲ್ಲು ಕಿತ್ತರು. ತಮ್ಮ ಬಾಯಿಯ ತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದ. ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಪಾಳಿ ಮುಗಿಸಿ ಬಂದು ಊಟವನ್ನು ಗಂಜಿಯಂತೆ ಅರೆದು ಚಮಚದಲ್ಲಿ ಕೊಡುತ್ತಿದ್ದಳು. ಕೊಡುತ್ತಾ ಕೊಡುತ್ತಾ ಸತ್ತುಹೋದ ಆ ಡಾಕ್ಟರಿಗೆ ಶಾಪ ಹಾಕುತ್ತಿದ್ದಳು.

"ಅವನ ಕೈ ಸೇದಿಹೋಗ! ಮನುಷ್ಯನಾ ಅವನು? ಕೊಳೆತಿದ್ದನ್ನ ಮುಚ್ಚಿಟ್ಟು ಬಣ್ಣ ಬಳಿದಿದ್ದಾನಲ್ಲ ಅತ್ತಿಗೆ, ನಿಮ್ಮ ಕಸುಬಿನಲ್ಲಿ ಇಂಥೋರೂ ಇರ್ತಾರಾ?"

"ಇರ್ತಾರೆ" ಎಂದೆ.

"ಅವನ ವಂಶ ನಿರ್ವಂಶ ಆಗ."

ತಮ್ಮ ಹತ್ತಿಯ ನಡುವಿನಿಂದ ಏನೋ ಗುರುಗುಟ್ಟಿದ. ನೋಡಿದರೆ, ನಗುತ್ತಿದ್ದ. ನನಗೆ ನಗು ಬರಲಿಲ್ಲ. ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಎಂಟು ವರ್ಷ ಅವನು ನನ್ನ ಕೈಕೆಲಸವನ್ನು ಬಾಯಲ್ಲಿಟ್ಟುಕೊಂಡು ನೋವು ನುಂಗಿದ. ಒಂದು ಸಲವೂ ಅಕ್ಕ, ನಿನ್ನಿಂದ ಹೀಗಾಯ್ತು ಎನ್ನಲಿಲ್ಲ. ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾಯುವ ಆರು ವಾರದಲ್ಲಿ ಕುತ್ತಿಗೆಯ ನಳಿಗೆ ಎರಡು ಸಲ ಕಟ್ಟಿಕೊಂಡಿತು. ಎರಡನೆಯ ಸಲ ಚಳಿಜ್ವರ ಬಂದು ಅವನು ಮಂಚದ ಮೇಲೆ ಗಡಗಡ ನಡುಗುತ್ತಿದ್ದರೆ ನಾವಿಬ್ಬರು ಹೆಂಗಸರು ಅವನ ಮೇಲೆ ಮಲಗಿ ಹಿಡಿದುಕೊಂಡೆವು. ಹೇಗೋ ಪಾರಾದ. ಕಿಡ್ನಿ ಡಾಕ್ಟರು ನಳಿಗೆ ಬದಲಿಸಿ, "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ" ಎಂದರು. ದಿನ ತಳ್ಳಿದ್ದರಿಂದ ನನ್ನ ಪರೀಕ್ಷೆಗಳೂ ಹಳೆಯವಾಗಿದ್ದವು. ಎಲ್ಲವನ್ನೂ ಮತ್ತೆ ಮಾಡಬೇಕು ಎಂದರು. ಮಾಡಲಿ, ನನಗೇನು, ನಾನು ಗುಂಡುಕಲ್ಲು ಎಂದುಕೊಂಡೆ.

ಒಂದು ಇಡೀ ದಿನದ ಮೂತ್ರವನ್ನು ಆಸ್ಪತ್ರೆ ಕೊಟ್ಟ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಕೊಟ್ಟೆ. ಮೂರನೆಯ ದಿನ ಕಿಡ್ನಿ ಡಾಕ್ಟರು ನನ್ನೊಬ್ಬಳನ್ನೇ ಕರೆದು ಬಾಗಿಲು ಹಾಕಿದರು.

"ನಿಮ್ಮ ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಇದೆ. ಹೋದ ಸಲ ಅಂಚಿನಲ್ಲಿತ್ತು, ಈ ಸಲ ದಾಟಿದೆ. ಕಿಡ್ನಿ ರಕ್ತ ಸೋಸೋ ಲೆಕ್ಕವೂ ಸ್ವಲ್ಪ ಇಳಿದಿದೆ. ನಿಮ್ಮ ಒಸಡಲ್ಲಿ ರಕ್ತ ಬರತ್ತಾ?"

"ನಮ್ಮ ಮನೇಲಿ ಎಲ್ಲರಿಗೂ ಬರತ್ತೆ" ಎಂದೆ.

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ವಿವರಿಸಿದರು. ಒಸಡಿನಲ್ಲಿ ವರ್ಷಗಟ್ಟಲೆ ಸೋಂಕು ಕೂತರೆ ಅದು ಬಾಯಿಯಲ್ಲೇ ಇರುವುದಿಲ್ಲ. ದಿನಾ ಅಷ್ಟಷ್ಟು ರಕ್ತಕ್ಕೆ ಇಳಿಯುತ್ತದೆ. ದೇಹ ಅದರ ಜೊತೆ ದಿನಾ ಹೊಡೆದಾಡುತ್ತದೆ. ಆ ಹೊಡೆದಾಟದ ಉರಿ ಎಲ್ಲ ಕಡೆ ಹರಡುತ್ತದೆ, ಕಿಡ್ನಿಯೊಳಗಿನ ಸೋಸುವ ಸಣ್ಣ ಸಣ್ಣ ನಾಳಗಳಿಗೂ ತಾಗುತ್ತದೆ. ಇನ್ನೊಂದು ಕಡೆ, ಕಿಡ್ನಿ ಕೆಟ್ಟವರ ಒಸಡು ಬೇಗ ಕೆಡುತ್ತದೆ.

"ಹಾಗಾದ್ರೆ ನನ್ನ ತಮ್ಮನಿಗೆ ಕಿಡ್ನಿ ಹೋಗಿದ್ದು ಒಸಡಿನಿಂದಲೇನಾ?"

"ಹಾಗಂತ ಯಾರೂ ಹೇಳಕ್ಕಾಗಲ್ಲ. ಎರಡೂ ಒಟ್ಟಿಗೆ ಇರೋದನ್ನ ತುಂಬಾ ಜನರಲ್ಲಿ ನೋಡ್ತೀವಿ. ಯಾವುದು ಮೊದಲು, ಯಾವುದು ಯಾವುದನ್ನ ತಳ್ತು ಅನ್ನೋದು ಇನ್ನೂ ಪೂರ್ತಿ ಗೊತ್ತಿಲ್ಲ. ರಕ್ತದೊತ್ತಡ ಇತ್ತು ಅವರಿಗೆ. ನೋವಿನ ಮಾತ್ರೆನೂ ತುಂಬಾ ವರ್ಷ ತಗೊಂಡಿದಾರೆ, ಅದಂತೂ ಕಿಡ್ನಿಗೆ ನೇರ ಏಟು. ಬೆನ್ನುನೋವಿಗೆ ಅಂತ ಹೇಳಿದ್ರು."

ಅವನಿಗೆ ಬೆನ್ನುನೋವು ಯಾವತ್ತೂ ಇರಲಿಲ್ಲ. ಎಪ್ಪತ್ತು ಕಿಲೋ ಮೂಟೆ ಎತ್ತಿ ಎಸೆಯುತ್ತಿದ್ದವನು. ನನ್ನ ಡ್ರಾಯರಿನ ಮಾತ್ರೆ ಪಟ್ಟಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಇನ್ನೊಂದು ಸಲ ಪರೀಕ್ಷೆ ಮಾಡೋಣ" ಎಂದರು ಡಾಕ್ಟರು. "ಒಮ್ಮೊಮ್ಮೆ ಜ್ವರ, ಸುಸ್ತು ಇದ್ರೂ ಹೆಚ್ಚು ತೋರಿಸತ್ತೆ. ಮತ್ತೆ ಹೀಗೇ ಬಂದ್ರೆ ನಿಮ್ಮದನ್ನ ತಗೊಳ್ಳಲ್ಲ."

ಹೊಸ ಕ್ಯಾನು ಹಿಡಿದುಕೊಂಡು ಅಂಗಡಿಗೆ ಬಂದೆ. ನನ್ನ ಜೊತೆ ಕೆಲಸ ಮಾಡುವವಳು ಒಬ್ಬಳಿದ್ದಾಳೆ, ಪ್ಲಾಸ್ಟರು ಕಲೆಸಿ ಅಚ್ಚಿಗೆ ಸುರಿಯುವವಳು. ನಲವತ್ತಾಗಿದೆ, ಒಂದು ದಿನ ತಲೆನೋವು ಎಂದವಳಲ್ಲ. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಜೀವ. ಮೂವತ್ತೆರಡು ಹಲ್ಲೂ ಅವಳವೇ. ಬಟ್ಟಲಿನಲ್ಲಿ ಪ್ಲಾಸ್ಟರು ತಿರುವುತ್ತಾ ಕೂತಿದ್ದ ಅವಳನ್ನು ನೋಡುತ್ತಾ ನೋಡುತ್ತಾ ನನ್ನ ತಲೆಯೊಳಗೆ ಆ ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ನಕಲಿಯನ್ನು ಅಸಲಿಯಂತೆ ಮಾಡಿಕೊಡುವುದೇ ನಮ್ಮ ಎರಡು ತಲೆಮಾರಿನ ಅನ್ನ.

"ನಾಳೆ ಒಂದಿನ ನಂಗೆ ಒಂದು ಉಪಕಾರ ಮಾಡ್ತೀಯಾ?" ಎಂದು ಕೇಳಿ ಕ್ಯಾನು ತೋರಿಸಿದೆ.

ಅವಳು ಕ್ಯಾನನ್ನೂ ನನ್ನನ್ನೂ ನೋಡಿದಳು. "ದಿನಾ ಚೆಲ್ಲೋದೇ ಅಲ್ವಾ ಅಕ್ಕೋರೆ, ಅದಕ್ಕೇನು ಮಹಾ" ಎಂದಳು. ಯಾಕೆ ಎಂದು ಕೇಳಲಿಲ್ಲ. ಮಾರನೆಯ ದಿನ ಇಡೀ ಹಿಡಿದು, ಮುಚ್ಚಳ ಬಿಗಿ ಮಾಡಿ, ಹಳೇ ಪೇಪರಿನಲ್ಲಿ ಸುತ್ತಿ ತಂದುಕೊಟ್ಟಳು. "ಒಂದು ತೊಟ್ಟೂ ಹೊರಗೆ ಹೋಗಿಲ್ಲ" ಎಂದು ಹೇಳಿ ಮತ್ತೆ ಬಟ್ಟಲು ತಿರುವಲು ಕೂತಳು.

ಬಸ್ಸಿನಲ್ಲಿ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಪಶ್ಚಾತ್ತಾಪ ಅನ್ನುವುದು ಒಂದು ಚೂರೂ ಇರಲಿಲ್ಲ. ನಾಳೆ ನನ್ನ ಕಿಡ್ನಿ ಹಾಳಾದರೆ ಆಗಲಿ. ನನಗೆ ಹಿಂದಿಲ್ಲ ಮುಂದಿಲ್ಲ. ಅವನಿಗೆ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ನನ್ನ ತಪ್ಪಿಗೆ ನನ್ನ ಮೈಯೇ ದಂಡ ಕಟ್ಟಲಿ. ಇಷ್ಟು ಸಲೀಸಾಗಿ ಯೋಚಿಸಿದ್ದೆ.

ಲ್ಯಾಬಿನ ಕಿಂಡಿಯ ಮುಂದೆ ಸಾಲಿತ್ತು. ನನ್ನ ಸರದಿ ಬಂದಾಗ ಕಿಂಡಿಯ ಗುಮಾಸ್ತ ಕ್ಯಾನಿಗೆ ಚೀಟಿ ಅಂಟಿಸಿ, ಒಂದು ಹಾಳೆ ಮುಂದಕ್ಕೆ ತಳ್ಳಿದ. "ಕಿಡ್ನಿ ಕೊಡೋರು ನೀವೇನಾ? ಇದು ನಿಮ್ಮದೇ ತಾನೆ? ಇಲ್ಲಿ ಸಹಿ ಹಾಕಿ."

ಪೆನ್ನು ತೆಗೆದುಕೊಂಡೆ. ಬರೆಯಲು ಬಗ್ಗಿದಾಗ ಇದ್ದಕ್ಕಿದ್ದಂತೆ ಒಂದು ವಿಷಯ ತಲೆಗೆ ಹೋಯಿತು. ಅಷ್ಟು ದಿನ ಯಾಕೆ ಹೋಗಲಿಲ್ಲವೋ! ಈ ಕ್ಯಾನು ಚೆನ್ನಾಗಿದೆ ಎಂದು ಹೇಳುತ್ತದೆ. ಆದರೆ ಅವನ ಹೊಟ್ಟೆಯೊಳಗೆ ಇಡುವುದು ಈ ಕ್ಯಾನಿನವಳ ಕಿಡ್ನಿಯನ್ನಲ್ಲ, ನನ್ನದನ್ನು. ಸೋರಲು ಶುರುವಾಗಿರುವುದನ್ನು. ಹೊರಗಿನಿಂದ ನೋಡಿದವರು ಆಹಾ ಎನ್ನಬೇಕು, ಒಳಗೆ ಅದು ದಿನದಿನಕ್ಕೆ ಕೆಡುತ್ತಿರಬೇಕು. ಅವನು ಕುಯ್ಯಿಸಿಕೊಂಡು, ಹೊಲಿಸಿಕೊಂಡು, ಮೈಯ ಕಾವಲು ಮಲಗಿಸುವ ಔಷಧಿ ನುಂಗಿಕೊಂಡು, ಅಕ್ಕ ಕೊಟ್ಟಿದ್ದು ಎಂದು ಮತ್ತೆ ನನ್ನನ್ನೇ ನಂಬಿಕೊಂಡು ಇರಬೇಕು.

"ಅಮ್ಮಾ, ಹಿಂದೆ ಜನ ಇದಾರೆ" ಎಂದ ಗುಮಾಸ್ತ.

"ಇದು ನಂದಲ್ಲ" ಎಂದೆ.

"ಏನು?"

"ನಂದಲ್ಲ ಅಂದೆನಲ್ಲ! ಕೊಡಿ ಇಲ್ಲಿ." ಅವನ ಕೈಯಿಂದ ಕ್ಯಾನು ಕಿತ್ತುಕೊಂಡು ಹೆಂಗಸರ ಪಾಯಿಖಾನೆಗೆ ಹೋಗಿ ಎಲ್ಲವನ್ನೂ ಸುರಿದೆ. ಖಾಲಿ ಕ್ಯಾನನ್ನು ಮೂರು ಸಲ ತೊಳೆದೆ. ಹೊರಗೆ ಯಾರೋ ಬಾಗಿಲು ಬಡಿದರು.

ಅಲ್ಲಿಂದ ನೇರ ಕಿಡ್ನಿ ಡಾಕ್ಟರ ಕೋಣೆಗೆ ಹೋಗಿ ತಂತಿಯಿಂದ ಹಿಡಿದು ಕ್ಯಾನಿನ ತನಕ ಒಂದೂ ಬಿಡದೆ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ನನ್ನದೇ ಮೂತ್ರವನ್ನು ಮತ್ತೆ ಹಿಡಿಸಿ ಕಳಿಸಿದರು. ಹೋದ ಸಲಕ್ಕಿಂತ ಹೆಚ್ಚೇ ಬಂತು. ಫೈಲಿನಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, ತಮ್ಮನ ಹೆಸರನ್ನು ತೀರಿಕೊಂಡವರ ಕಿಡ್ನಿಗೆ ಕಾಯುವವರ ಪಟ್ಟಿಗೆ ಸೇರಿಸಿದರು.

"ಎಷ್ಟು ದಿನ ಆಗತ್ತೆ?"

"ಮೂರು ವರ್ಷ, ನಾಲ್ಕು ವರ್ಷ. ಅಲ್ಲೀತನಕ ನಳಿಗೆ ಹಾಕೋಕೆ ಜಾಗ ಉಳಿಯತ್ತಾ ಅಂದ್ರೆ, ನನಗೆ ಗೊತ್ತಿಲ್ಲ."

"ನಂದನ್ನೇ ಹಾಕಿದ್ರೆ ಎಷ್ಟು ದಿನ ನಡೀತಿತ್ತು?"

"ಹೇಳಕ್ಕಾಗಲ್ಲ. ಒಂದು ವರ್ಷ, ಎರಡು ವರ್ಷ. ಆಮೇಲೆ ಇಬ್ಬರೂ ಮೆಷಿನ್ ಮುಂದೆ ಕೂತಿರ್ತಿದ್ರಿ. ನಿಮ್ಮ ಒಸಡಿಗೆ ಈಗಲಾದ್ರೂ ಚಿಕಿತ್ಸೆ ಶುರು ಮಾಡಿ. ಉಳಿದಿರೋದನ್ನ ಕಾಪಾಡಿಕೊಳ್ಳಿ."

ಉಳಿದಿರುವುದನ್ನು! ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಆ ದಿನ ತಮ್ಮನ ಮೆಷಿನ್ ಸರದಿ. ಉದ್ದ ಕೋಣೆ, ಎರಡು ಕಡೆ ಎಂಟೆಂಟು ಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಒಂದೊಂದು ಮೆಷಿನ್ ಗಿರಗಿರ ಎನ್ನುತ್ತಿತ್ತು. ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಮುಂದಿನ ಹಲ್ಲಿಲ್ಲದೆ ತುಟಿ ಒಳಗೆ ಹೋಗಿ, ಕೊನೆಯ ದಿನ ಸೆಟ್ ತೆಗೆದಿಟ್ಟಾಗಿನ ಅಮ್ಮನ ಬಾಯಿಯೇ ಬಂದಿತ್ತು. ನನ್ನನ್ನು ಕಂಡಕೂಡಲೇ ನರ್ಸಿಗೆ ಕೇಳುವ ಹಾಗೆ, "ಬನ್ನಿ ಬನ್ನಿ, ಹದಿನಾರು ಮೆಷಿನ್ನು, ಸುಸ್ಥಿತೀಲಿದೆ, ಹದಿನಾರು ರೋಗಿ ಫ್ರೀ! ಯಾರು ಮೊದಲು ಕೂಗ್ತೀರಿ?" ಎಂದ. ಗಾಳಿ ಮುಂಚೆ ಹೋಯಿತು, ಮಾತು ಆಮೇಲೆ ಬಂತು. ನರ್ಸು ನಕ್ಕಳು.

ಸ್ಟೂಲು ಎಳೆದುಕೊಂಡು ಕೂತೆ. ಸುತ್ತು ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಹೇಳಿಬಿಟ್ಟೆ. ನನ್ನ ಕಿಡ್ನಿ ಆಗುವುದಿಲ್ಲ ಎಂದು, ಯಾಕೆ ಆಗುವುದಿಲ್ಲ ಎಂದು. ಕ್ಯಾನಿನ ವಿಷಯವನ್ನೂ ಹೇಳಿದೆ, ಕಿಂಡಿಯಿಂದ ವಾಪಸು ತಂದು ಸುರಿದದ್ದನ್ನೂ ಹೇಳಿದೆ. ಅವನಿಗೆ ಸುಳ್ಳು ಕೊಡಲಿಲ್ಲವಲ್ಲ ಎಂದು, ಎಲ್ಲೋ ಒಂದು ಮೂಲೆಯಲ್ಲಿ, ಶಹಬ್ಬಾಸ್ ಬೇಕಿತ್ತೋ ಏನೋ ನನಗೆ. ನನ್ನ ಹಣೆಬರಹಕ್ಕೆ ಆಗಲೂ ಹೊಗಳಿಕೆ ಬೇಕು.

ನಳಿಗೆಯಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು.

"ನಿಂದು ಹಾಕಿದ್ರೆ ಎಷ್ಟು ದಿನ ನಡೀತಿತ್ತಂತೆ?" ಎಂದ.

"ಗ್ಯಾರಂಟಿ ಇಲ್ಲ ಕಣೋ. ಒಂದು ವರ್ಷ. ಹೆಚ್ಚಂದ್ರೆ ಎರಡು."

"ಎರಡು ವರ್ಷ."

"ಆಮೇಲೆ ಮತ್ತೆ ಇದೇ ಮೆಷಿನ್ನು..."

"ಎರಡು ವರ್ಷ ನಿಂಗೆ ಕಮ್ಮಿ ಅನ್ನಿಸ್ತಾ ಅಕ್ಕ?" ಅವನ ದನಿ ಏರಿತು. ಹಲ್ಲು ಕಿತ್ತಾಗಿನಿಂದ ದನಿ ತಗ್ಗಿದ್ದವನಿಗೆ ಆ ಹಳೆಯ ಗಂಟಲು ಎಲ್ಲಿಂದ ಬಂತೋ, ಹದಿನಾರು ಕುರ್ಚಿಯವರೂ ತಿರುಗಿ ನೋಡಿದರು. "ಎರಡು ವರ್ಷ ನೀರು ಕುಡೀತಿದ್ದೆ ಕಣೇ, ಹೊಟ್ಟೆ ತುಂಬಾ! ಅಳೆದು ಅಳೆದು ಒಂದೊಂದು ಲೋಟ ಕುಡಿಯೋನಿಗೆ ಅದು ಕಮ್ಮಿನಾ? ಮಗಳನ್ನ ಸ್ಕೂಲಿಗೆ ಬಿಟ್ಟು ಬರ್ತಿದ್ದೆ. ನಿನ್ನ ಯಾರು ಕೇಳಿದ್ರು ಸತ್ಯ ಹೇಳು ಅಂತ? ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ? ಕೊಡಬೇಕಿತ್ತು. ಕೆಟ್ಟದ್ದೋ ಕೊಳೆತದ್ದೋ, ಕೊಟ್ಟುಬಿಡಬೇಕಿತ್ತು!"

ನರ್ಸು ಓಡಿಬಂದು ಅವನ ಭುಜ ಹಿಡಿದಳು. ಕುತ್ತಿಗೆಯ ನಳಿಗೆ ಅಲುಗಬಾರದು ಎಂದಳು. ಅವನು ತಲೆ ಹಿಂದಕ್ಕೆ ಒರಗಿಸಿ ಬಾಯಿ ಕಳೆದು ಅತ್ತ. ಚಿಕ್ಕ ಮಕ್ಕಳು ಅಳುವ ಹಾಗೆ, ನಾಚಿಕೆ ಮಾನ ಏನೂ ಇಲ್ಲದೆ, ಬಾಯಿ ಅಗಲಿಸಿಕೊಂಡು. ಕಿಟಕಿಯ ಬೆಳಕು ನೇರ ಅದರೊಳಗೆ ಬೀಳುತ್ತಿತ್ತು. ನನ್ನ ಕಣ್ಣು, ಹಾಳು ಕಸುಬಿನ ಕಣ್ಣು, ಅಲ್ಲಿಗೇ ಹೋಯಿತು.

ಒಸಡು ಚೆನ್ನಾಗಿ ಮಾಗಿತ್ತು. ಊತವಿಲ್ಲ, ಕೀವಿಲ್ಲ, ಒಂದು ಹನಿ ರಕ್ತವಿಲ್ಲ, ತಿಳಿ ಗುಲಾಬಿ ಬಣ್ಣ. ಅಷ್ಟು ಆರೋಗ್ಯದ ಒಸಡನ್ನು ನಮ್ಮ ಮನೆಯಲ್ಲಿ ನಾನು ಯಾರ ಬಾಯಲ್ಲೂ ನೋಡಿರಲಿಲ್ಲ. ಹಲ್ಲಿನ ಡಾಕ್ಟರು ಹಿಂದಿನ ದಿನವೇ ಸಹಿ ಹಾಕಿಕೊಟ್ಟಿದ್ದರು.